ಒಂಬತ್ತನೇ ಬೋಗುಣಿ

ಕಟ್ಟು ಹಾಕಿಸಲು ತಂದವನು ಆಫೀಸಿನ ಜವಾನ.
ಒಡೆದ ಗಾಜು, ಗೆದ್ದಲು ತಿಂದ ಹಲಗೆ,
ನಡುವೆ ಹೇಗೋ ಉಳಿದುಕೊಂಡ ಒಂದು ಪಟ:
ಶಿಡ್ಲಘಟ್ಟದ ಫಿಲೇಚರ್, ಐವತ್ತೆಂಟನೇ ಇಸವಿ.
ಅಡಿಯಲ್ಲಿ, ಬಿಳಿ ಶಾಯಿಯಲ್ಲಿ,
ಸೂಪರಿಂಟೆಂಡೆಂಟರ ಹೆಸರು, ಡಿಗ್ರಿ ಸಮೇತ;
ಬಾಯ್ಲರಿನ ಹೆಸರು, ಅದು ಬಂದ ಊರಿನ ಸಮೇತ;
ಕೊನೆಗೆ, "ಮತ್ತು ಕೆಲಸದವರು."

"ಎಡಗಡೆ ಎರಡು ಬೆರಳಷ್ಟು ಕತ್ತರಿಸಿಬಿಡಿ,
ಅಲ್ಲಿ ಕೆಟ್ಟಿದೆ. ಸಾಹೇಬರೇ ಹೇಳಿದ್ದು."

ಕೆಟ್ಟಿದ್ದು ನಿಜ.
ಒಂಬತ್ತು ಬೋಗುಣಿ, ಒಂಬತ್ತು ಹೆಂಗಸರು.
ಎಂಟು ಮಂದಿ ಗುಡಿಯ ಕಂಬದ ಹಾಗೆ ಕೂತಿದ್ದಾರೆ,
ಒಂಬತ್ತನೆಯವಳ ಬಲಗೈ ಇರಬೇಕಾದ ಕಡೆ
ಕದಡಿದ ಗಂಜಿ.

ಮೂವತ್ತೊಂದು ವರ್ಷದಿಂದ ಕಟ್ಟು ಹಾಕುತ್ತಿದ್ದೇನೆ,
ದೇವರಿಗೆ, ಸತ್ತವರಿಗೆ, ರ‍್ಯಾಂಕು ಬಂದವರಿಗೆ.
ಕ್ಯಾಮೆರಾ ಅಲುಗಿದ್ದರೆ ಒಂಬತ್ತೂ ಕೆಡಬೇಕಿತ್ತು.
ಇದು ಅವಳೊಬ್ಬಳೇ ಅಲುಗಿದ್ದು.
ಕುದಿನೀರು ತಾಳದೆ ಕೈ ಎತ್ತಿರಬೇಕು ಪಾಪ,
ಅಂದುಕೊಂಡು ಚಾಕು ಮಸೆದೆ.
ಪಟ ಹಾರದಿರಲೆಂದು ಮೇಲೊಂದು ಗಾಜು ಇಟ್ಟೆ.

ಅಷ್ಟರಲ್ಲಿ ಜೈತೂನ್‌ಬಿ ಬಂದಳು, ನೆರಳಿಗೆ.
ರೇಷನ್ ಅಂಗಡಿಯಲ್ಲಿ ಅವಳ ಹೆಬ್ಬೆಟ್ಟು
ಈ ತಿಂಗಳೂ ನಡೆಯಲಿಲ್ಲವಂತೆ.
"ಐದು ಸಲ ಒತ್ತಿದೆ ಕಣಪ್ಪ,
ನೀನು ನೀನಲ್ಲ ಅಂತು ಮಿಷನ್ನು."

ಪಟ ನೋಡಿದಳು. ಯಾರ ಮುಖವನ್ನೂ ನೋಡಲಿಲ್ಲ.
ಬಾಯ್ಲರಿನ ಕಡೆಯಿಂದ ಬೋಗುಣಿ ಎಣಿಸುತ್ತ ಬಂದಳು,
ತೋರುಬೆರಳು ಒಂಬತ್ತರಲ್ಲಿ ನಿಂತಿತು.
"ಮುನಿನರಸಮ್ಮ."

ಕುದಿನೀರೇ? ನಕ್ಕಳು.
"ಅದು ಸುಡೋದು ಮೊದಲ ಹದಿನೈದು ದಿನ.
ಆಮೇಲೆ ಬೆರಳು ನಮ್ಮದಲ್ಲ, ಗೂಡಿಂದು."

ಅವತ್ತು ರಾಟೆ ನಿಲ್ಲಿಸಿದ್ದರಂತೆ.
ಹುಳದ ಬುಟ್ಟಿ ಎಲ್ಲ ಹಿತ್ತಲಿಗೆ.
ಊದುಬತ್ತಿ ಬೇರೆ ಹಚ್ಚಿದ್ದರು,
ಪಟದಲ್ಲಿ ನಾತ ಬೀಳುತ್ತೇನೋ ಅನ್ನೋ ಹಾಗೆ.
ರಾಟೆ ತಿರುಗಿಸುವ ಮಕ್ಕಳು ಏಳು ಜನ,
ಅವರನ್ನೂ ಹಿತ್ತಲಿಗೆ.

"ಆರು ಜನ ಹೋದರು.
ನಂಗೆ ಹತ್ತು ವರ್ಷ, ಫೋಟೊ ತೆಗೆಯೋದು ನೋಡಿರಲಿಲ್ಲ.
ಅಕ್ಕನ ಸೀರೆ ಹಿಂದೆ, ಹಲಗೆ ಕೆಳಗೆ ತೂರಿಕೊಂಡೆ.
ಅವನು ಚಿಂತಾಮಣಿಯವನು, ಕರಿ ಬಟ್ಟೆಯೊಳಗಿಂದ
'ಕದಲೊದ್ದಮ್ಮಾ, ಕದಲೊದ್ದು' ಅಂತಿದ್ದ.
ಒಂದು ಅಂದ.
ಎರಡು ಅನ್ನುವಾಗ ನಾನು ತಲೆ ಎತ್ತಿದೆ."

ಒದ್ದೆ ಕೈ ಬಂದು ತಲೆ ಅಮುಕಿತು.
ಅಷ್ಟೇ.
"ಎಂಟು ದಿನ ಕೂದಲಿಂದ ಹುಳದ ನಾತ ಹೋಗಲಿಲ್ಲ.
ಅವಳ ಕೂಲೀಲಿ ನಾಕಾಣೆ ಹಿಡಿದರು,
ಕೈ ಕದಲಿಸಿದ್ದಕ್ಕೆ. ಯಾಕೆ ಕದಲಿಸಿದೆ ಅಂದರೆ
ಸೊಳ್ಳೆ ಅಂದಳು."

ಭೂತಗನ್ನಡಿ ಹಿಡಿದು ಹುಡುಕಿದೆ.
ಹಲಗೆಯ ಕೆಳಗೆ, ಸೆರಗಿನ ಅಂಚಿನ ಹಿಂದೆ,
ಕತ್ತಲೆಗಿಂತ ಒಂಚೂರು ತೆಳ್ಳಗಿನದೇನೋ ಇದೆ.
ಮೊಣಕೈಯೋ ಗೆದ್ದಲಿನ ಗುರುತೋ, ನಾನು ಹೇಳಲಾರೆ.
"ಅದು ನಾನೇ," ಅಂದಳು ಜೈತೂನ್‌ಬಿ,
ಕನ್ನಡಿ ಕೇಳಲೂ ಇಲ್ಲ.

ಮುನಿನರಸಮ್ಮ ಆಮೇಲೆ?
"ಬಾಗೇಪಲ್ಲಿ ಕಡೆ ಹೋದಳು ಅಂದರು. ದಮ್ಮಿತ್ತು."
ಚೀಲ ಎತ್ತಿಕೊಂಡಳು. ಒಂದು ಕಾಪಿ ತೆಗೆಸಿಕೊಡಲಾ ಅಂದೆ.
"ನಾನು ಕಾಣದ ಪಟ ನಂಗ್ಯಾಕೆ?"
ಮೆಟ್ಟಿಲಿಳಿದು, ಮತ್ತೆ ತಿರುಗಿ,
"ಕತ್ತರಿಸಬೇಡ."

ಕತ್ತರಿಸಲಿಲ್ಲ.
ಕಟ್ಟು ಎರಡು ಬೆರಳು ದೊಡ್ಡದಾಯಿತು.
ಗೋಡೆ ಮೇಲಿನ ಹಳೇ ಗುರುತಿಗೆ ಕೂರಲ್ಲ
ಅಂತ ಜವಾನ ಜಗಳ ತೆಗೆದು,
ಹಳೇ ರೇಟೇ ಕೊಟ್ಟ. ಇಸಕೊಂಡೆ.

ಕಾಗದ ಸುತ್ತುವ ಮೊದಲು ಬಟ್ಟೆ ತಗೊಂಡು
ಗಾಜು ಒರೆಸಿದೆ, ದಿನಾ ಒರೆಸುವ ಹಾಗೆ.
ಒರೆಸಿದ ಮೇಲೆ ನೆನಪಾಯಿತು,
ಅದೇ ಗಾಜು.
ಒಂಬತ್ತನೇ ಬೋಗುಣಿಯ ಮೇಲೆ
ಅವಳ ಬೆರಳು ಬಿಟ್ಟುಹೋದ ಮಬ್ಬಿತ್ತು,
ಒಂದು ಗೆರೆಯೂ ಇಲ್ಲದ್ದು.